ರಾಜಶ್ರೀಯ ಬಿಳಿ ಐವಿ

ಹಸಿ ಸುಣ್ಣದ ಕಟು ವಾಸನೆ, ಅದರ ಬೆನ್ನಿಗೇ ತಾಮ್ರದ ಕೊಡ ಉಜ್ಜಿದ ಕೈಯ ವಾಸನೆ. ಚಿಕ್ಕವಳಿದ್ದಾಗ ಇಂಡಿ ಊರಿನ ನಮ್ಮಜ್ಜನ ನಿಂಬೆ ತೋಟಕ್ಕೆ ಹೋದರೆ ಮೊದಲು ಮೂಗಿಗೆ ಬರುತ್ತಿದ್ದುದು ಅದೇ. ಅರವತ್ತು ವರ್ಷಗಳ ನಂತರ ಅದು ಬಸವನ ಬಾಗೇವಾಡಿಯಲ್ಲಿ, ಪಕ್ಕದ ಮನೆಯ ರಾಜಶ್ರೀಯ ಹಿತ್ತಲಲ್ಲಿ ಸಣ್ಣಗೆ ಸುಳಿದಾಗ ನನಗೆ ಅಜ್ಜ ನೆನಪಾದರು. ಅಪರಾಧಿ ನೆನಪಾಗಲಿಲ್ಲ.

ರಾಜಶ್ರೀ ನಾಲ್ಕು ದಿನ ಮುದ್ದೇಬಿಹಾಳದ ತಂಗಿಯ ಮನೆಯಲ್ಲಿದ್ದು ಆ ಬೆಳಿಗ್ಗೆಯಷ್ಟೇ ಮರಳಿದ್ದಳು. ತಂಗಿ ಕಟ್ಟಿಕೊಟ್ಟ ಬುತ್ತಿ ಇನ್ನೂ ಮೆಟ್ಟಿಲ ಮೇಲೆ ಗಂಟು ಬಿಚ್ಚದೆ ಕೂತಿತ್ತು.

ಅವಳ ಐವಿ ಬಳ್ಳಿ ಬೋಳಾಗಿತ್ತು.

ಊಟಿಯಿಂದ ಗೇಣುದ್ದದ ಕಡ್ಡಿ ತಂದು, ನಮ್ಮ ಬಿಸಿಲಿನಲ್ಲಿ ಅದನ್ನು ಬದುಕಿಸಲು ಮೂರು ವರ್ಷ ಹೆಣಗಿದ್ದಳು. ಉತ್ತರದ ಗೋಡೆ, ಮುಂದೆ ಗೋಣಿತಟ್ಟಿನ ಪರದೆ, ಪರದೆಗೆ ದಿನಕ್ಕೆ ಮೂರು ಸಲ ನೀರು. ಅಪರೂಪದ ತಳಿ: ಎಲೆ ಹಾಲಿನಷ್ಟು ಬಿಳಿ, ನಡುವೆ ಮಾತ್ರ ಹಸಿರು ಮಚ್ಚೆ. ಈಗ ಉಳಿದಿದ್ದು ಬುಡ, ಮತ್ತು ಇಂಥ ತಳಿಯಲ್ಲೂ ಆಗೊಮ್ಮೆ ಈಗೊಮ್ಮೆ ಚಿಗುರುವ ಬರೀ ಹಸಿರೆಲೆಯ ಎರಡು ಎಳೆ.

“ಮುಬಿನಳ ಕೆಲಸ ಇದು,” ಎಂದಳು ರಾಜಶ್ರೀ. “ಮೂರು ಸಲ ಕಡ್ಡಿ ಕೇಳಿದ್ಲು. ನಾ ಕೊಡಲಿಲ್ಲ.”

ಮುಬಿನ ಮನಗೂಳಿಯಲ್ಲಿ ಚಿಕ್ಕ ನರ್ಸರಿ ನಡೆಸುವ ಹೆಣ್ಣುಮಗಳು. ಇಲ್ಲಿಯ ಸಾಲೆಯೊಂದರ ಕೈತೋಟ ಮಾಡಿಕೊಡುವ ಕೆಲಸ ಆಗಷ್ಟೇ ಅವಳಿಗೆ ಸಿಕ್ಕಿತ್ತು. ಮಧ್ಯಾಹ್ನ ಸಾಲೆಗೆ ಫೋನ್ ಮಾಡಿ ಎಲ್ಲ ಹೇಳಿಬಿಡುವುದಾಗಿ ರಾಜಶ್ರೀ ಅಂದಳು. ಕಳ್ಳಿ ಎಂಬ ಒಂದು ಮಾತು ಸಾಕು, ಕೆಲಸವೂ ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು. ಮಧ್ಯಾಹ್ನದವರೆಗೆ ತಡಿ ಎಂದೆ.

ಹಿತ್ತಲ ಬಾಗಿಲಿಗೆ ಬೀಗವಿಲ್ಲ. ಯಾರು ಬೇಕಾದರೂ ಬರಬಹುದಿತ್ತು. ಗೋಡೆಯಾಚೆಯ ಯುವರಾಜ? ಪರದೆಯ ನೀರಿನಿಂದ ತನ್ನ ಗೋಡೆ ತೇವವಾಗುತ್ತದೆಂದು ಅವನು ಜಗಳ ತೆಗೆದಿದ್ದ. ಗೋಡೆಯ ಮೇಲಿಂದ ಬಳ್ಳಿಯನ್ನು ಇಣುಕಿ ನೋಡುತ್ತಿದ್ದವನನ್ನು ಕೇಳಿದೆ.

“ನಾ ಕೀಳೂದಿದ್ರ ಬುಡಾ ಸಮೇತ ಕೀಳ್ತಿದ್ದೆ, ಕಸ್ತೂರೆವ್ವಾಯಿ. ಒಂದೊಂದ ಎಲಿ ಆರಿಸ್ಕೋತ ಕುಂಡ್ರಾಕ ನನಗೆಲ್ಲಿ ಟೈಮ್ ಐತಿ?”

ನಾಲ್ಕೂ ದಿನ ನೀರು ಹಾಕಿದವನು ಸೋಮನಿಂಗ. ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ದುಡಿದು ವಯಸ್ಸಾದವನು, ಈಗ ನಮ್ಮ ಓಣಿಯ ಗಿಡಗಳನ್ನು ನೋಡಿಕೊಳ್ಳುತ್ತಾನೆ. ಐವಿಯನ್ನು ಅವನ ಕೈಗೆ ಬಿಟ್ಟಿದ್ದು ಇದೇ ಮೊದಲು. ಬಳ್ಳಿಯನ್ನು ಇಡಿಯಾಗಿ ಕೊನೆಯ ಸಲ ನೋಡಿದ್ದು ಯಾವಾಗ ಎಂದೆ. ಗೊತ್ತಿಲ್ರಿ ಎಂದು ನೆಲ ನೋಡಿದ.

“ಅವನ್ನೇನು ಕೇಳ್ತಿ,” ಎಂದಳು ರಾಜಶ್ರೀ. “ಅವಗ ಐವಿ ಯಾವುದು, ಹಾಗಲ ಯಾವುದು ತಿಳಿಯೂದಿಲ್ಲ.”

ನಾನು ಫೋನ್ ಮಾಡಿ ಕರೆದಿದ್ದೆ; ಹನ್ನೊಂದರ ಬಸ್ಸಿಗೆ ಮುಬಿನ ಬಂದಳು. ಮುಖ ಕಪ್ಪಿಟ್ಟಿತ್ತು.

“ಕೇಳೇನ್ರಿ, ಮೂರು ಸಲ ಕೇಳೇನಿ. ಕದಿಯಾಕಿ ಬಾಯಿಬಿಟ್ಟು ಕೇಳ್ತಾಳೇನ್ರಿ?”

ಕೇಳಿದರೂ ಸಿಗದಿದ್ದಾಗಲೇ ಕದಿಯುವುದು ಎಂದಳು ರಾಜಶ್ರೀ. ಮುಬಿನ ಬಗ್ಗಿ, ಬಿಸಿಲಿಗೆ ಬಿದ್ದಿದ್ದ ಬುಡದ ಮೇಲೆ ಪರದೆಯ ಮೂಲೆ ಎಳೆದಳು. ನಾನೂ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಪರದೆಯ ಹರಕಿಗೆ ಯಾರೋ ಹೊಸ ಹುರಿಯಿಂದ ಹೊಲಿಗೆ ಹಾಕಿದ್ದರು. ಬುಡದ ಮಣ್ಣು ಹಸಿಯಾಗಿತ್ತು. ಬಳ್ಳಿ ಕತ್ತರಿಸಿದ ಮೇಲೂ ಅದನ್ನು ಯಾರೋ ಸಲಹಿದ್ದರು.

ಮತ್ತೆ ಅದೇ ವಾಸನೆ. ಮೂಗನ್ನು ಕಾಂಡದ ತನಕ ಒಯ್ದೆ.

“ರಾಜಶ್ರೀ, ಕಡಿದ ತುದೀಗೆ ಏನು ಹತ್ತೇತಿ?”

“ಗೋಡಿ ಸುಣ್ಣ.”

“ಗೋಡಿ ಸುಣ್ಣ ನೀಲಿ ಇರ್ತದೇನು?”

ಅವಳು ಬಗ್ಗಿ ನೋಡಿದಳು. ಪ್ರತಿ ಗಾಯದ ಮೇಲೂ ತಿಳಿನೀಲಿ ಲೇಪ. ಸುಣ್ಣ, ಜೊತೆಗೆ ತಾಮ್ರದ ನೀಲಿ ಹರಳು ಮೈಲುತುತ್ತ. ಮಡಕೆಯಲ್ಲಿ ಕಲಸಿ, ಕಡಿದ ಟೊಂಗೆಗಳಿಗೆ ಅಜ್ಜ ಸವರುತ್ತಿದ್ದುದು ಇದನ್ನೇ.

“ಕಳ್ಳ ಗಾಯಕ್ಕ ಮುಲಾಮು ಹಚ್ಚೂದಿಲ್ಲ,” ಎಂದೆ. “ಇನ್ನೊಂದು ನೋಡು. ಹಸಿರು ಎಳೆಯೊಳಗ ಬಿಳಿ ಚುಕ್ಕಿ ಇದ್ದ ಎಲೀನೂ ಒಂದೊಂದ ಚಿವುಟ್ಯಾರ. ಬರೀ ಎಲಿ ನೆಟ್ಟರ ಬಳ್ಳಿ ಆಗೂದಿಲ್ಲ, ಮುಬಿನಗ ಅದು ಗೊತ್ತು. ಇದನ್ನು ಮಾಡಿದವರಿಗೆ ಬಿಳಿ ಬೇಕಾಗಿರಲಿಲ್ಲ. ಬ್ಯಾಡಾಗಿತ್ತು.”

ನಾನು ಹಿಂದೆ ನಿಂತಿದ್ದ ಸೋಮನಿಂಗನ ಕಡೆ ತಿರುಗಿದೆ.

“ಸೋಮನಿಂಗಪ್ಪ, ಲಿಂಬಿ ಎಲಿ ಬೆಳ್ಳಗಾದ್ರ ನೀವು ಏನು ಮಾಡ್ತೀರಿ?”

ಅವನ ಕೈಯ ಕೊಡ ನೆಲಕ್ಕೆ ಇಳಿಯಿತು.

“ಟೊಂಗಿ ಕಡಿದು, ಮುಲಾಮು ಹಚ್ಚಿ, ಕಡಿದಿದ್ದು ಸುಡ್ತೇವ್ರಿ. ಇಷ್ಟು ರೋಗ ಬಿದ್ದ ಬಳ್ಳಿ ನಾ ನೋಡೇ ಇರಲಿಲ್ಲ. ಅಕ್ಕಾರು ಬರೂದ್ರಾಗ ಹಸರಾಗ್ಲಿ ಅಂತ…” ರಾಜಶ್ರೀಯ ಕಡೆ ನೋಡಿದ. “ಅವರು ಬಂದವರೇ ಕಳವು ಅಂದ್ರು. ನಾಲಿಗಿ ಏಳಲಿಲ್ರಿ.”

“ಈ ಹುಡುಗೀನ ಕಳ್ಳಿ ಅಂದಾಗ?”

“ಆಗೂ ಏಳಲಿಲ್ರಿ. ಅದು ನನ್ನ ತಪ್ಪು.” ಮುಬಿನಳ ಕಡೆ ನೋಡಲು ಅವನಿಂದ ಆಗಲಿಲ್ಲ.

ಅವಳು ಕೇಳಿದ್ದು ಒಂದೇ: “ಸುಟ್ಟೀರೇನು?”

ಹಸಿ ಕಡ್ಡಿ ಉರಿಯುವುದಿಲ್ಲವೆಂದು, ಒಣಗಲಿ ಎಂದು ಗೋಣಿಚೀಲದಲ್ಲಿ ತುಂಬಿ ಪಂಪಿನ ಕೋಣೆಯಲ್ಲಿಟ್ಟಿದ್ದನಂತೆ. ಆ ಕೋಣೆ ಒಣಗುವ ಜಾಗವಲ್ಲ. ಚೀಲ ತಂದು ಸುರಿದಾಗ ಹೆಚ್ಚಿನದು ಕೊಳೆತು ಕಪ್ಪಾಗಿತ್ತು. ಮುಬಿನ ಒಂದೊಂದೇ ಕಡ್ಡಿ ಉಗುರಿನಿಂದ ಗೀರಿ ನೋಡಿದಳು. ಐದರಲ್ಲಿ ಇನ್ನೂ ಜೀವವಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದಳು.

“ಬೇರು ಬಿಟ್ಟ ಮ್ಯಾಲ ತಂದು ಕೊಡ್ತೇನ್ರಿ. ಐದೂ.”

ಅಷ್ಟು ಹೇಳಿ ಬಸ್ಸಿಗೆ ಹೊರಟಳು.

ರಾಜಶ್ರೀ ಮೆಟ್ಟಿಲ ಮೇಲಿನ ಬುತ್ತಿಯನ್ನು ಎತ್ತಿಕೊಂಡು ಬಾಗಿಲ ತನಕ ಹೋದಳು. ಗಂಟು ಬಿಚ್ಚದ ಆ ಬುತ್ತಿಯನ್ನು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಇದ್ದ ಹಾಗೆಯೇ, ಎರಡೂ ಕೈಯಿಂದ ಮುಬಿನಳ ಕೈಗೆ ಇಟ್ಟಳು.