ನಯನ ತುಳಿಯದ ಕಾಲು

ಸಂಜೆಗೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಅಷ್ಟರೊಳಗೆ ಕಪಿಲೆಯ ನಡುಗಡ್ಡೆಯಲ್ಲಿ ನೀರುನಾಯಿಗಳ ಬಿಲ ಹುಡುಕಿ, ಅವುಗಳ ಚಿತ್ರ ಹಿಡಿಯುವ ಕ್ಯಾಮೆರಾ ಕಟ್ಟಿ ವಾಪಸ್ ಬರಬೇಕು. ಹೊರಟವರು ಮೂವರು: ಬಿಳಿಗೆರೆಯ ನಯನ, ಅವಳಣ್ಣ ನಂಜೇಶ್, ಹರಿಗೋಲಿನ ಪುಟ್ಟಸ್ವಾಮಿ.

ನಂಜನಗೂಡು ದಾಟಿದ ಮೇಲೆ ಕಪಿಲೆಗೆ ಅವಸರವೇ ಇಲ್ಲ. ಭತ್ತದ ಗದ್ದೆ, ಬಾಳೆತೋಟ ನೋಡಿಕೊಂಡು, ಬಂಡೆ ಸಿಕ್ಕಲ್ಲಿ ಬಳಸಿಕೊಂಡು ಆರಾಮಾಗಿ ತಿರುಮಕೂಡಲಿನ ಕಡೆ ಹೋಗುತ್ತಾಳೆ. ನಡುಗಡ್ಡೆಯ ಜೊಂಡಿನ ಹಿಂದೆ, ಮೀನಿನ ಮುಳ್ಳು ಚೆಲ್ಲಿದ್ದ ಬಿಲ ಸಿಕ್ಕೇಬಿಟ್ಟಿತು. ನಂಜೇಶ್ ಕ್ಯಾಮೆರಾ ಕಟ್ಟಿ ಬಂಡೆಯಿಂದ ಹಾರಿದ.

ಪಾಚಿಯ ಮೇಲೆ ಕಾಲು ಜಾರಿತು. ಪಾದ ಸಂದಿಗೆ ಸಿಕ್ಕಿ ತಿರುಚಿತು.

"ಉಳುಕ್ತು ಕಣೆ. ನೀನು ಕಾಲು ಮುಂದಾಗಿ ಉಟ್ಟಿದೋಳು, ಒಂದ್ಸಲ ತುಳುದ್ಬುಡು, ಸರಿಓಯ್ತದೆ."

"ಬೇಗ ತುಳಿಯವ್ವ, ನೀರು ಬತ್ತದೆ," ಅಂದ ಪುಟ್ಟಸ್ವಾಮಿ.

ಹಾಗೆ ಹುಟ್ಟಿದವರು ತುಳಿದರೆ ಉಳುಕು ಹೋಗುತ್ತದೆ ಅಂತ ಊರಿನ ನಂಬಿಕೆ. ಚಿಕ್ಕಂದಿನಿಂದ ಅವಳ ಮುಂದೆ ಕಾಲು ಚಾಚಿದವರಿಗೆ ಲೆಕ್ಕವಿಲ್ಲ. ಅವಳಿಗೂ ಒಂದಿಷ್ಟು ಜಂಬ ಇತ್ತೆನ್ನಿ. ಅಭ್ಯಾಸಬಲ, ಕಾಲೆತ್ತಿಯೇಬಿಟ್ಟಳು. ಅಣ್ಣನ ಮುಖ ಬೂದಿಯಂತೆ ಬಿಳಿಚಿಕೊಂಡಿದ್ದು ಆಗ ಕಂಡಿತು.

"ತಡಿ. ಮೊದ್ಲು ಒಂದೆಜ್ಜೆ ಇಡು."

ಇಡಲಾಗಲಿಲ್ಲ. ಕಾಲಗಿಣ್ಣಿನ ಮೂಳೆಯನ್ನು ಬೆರಳಲ್ಲಿ ಒತ್ತಿದಳು, ಅವನು ಚೀರಿಕೊಂಡ. ಪ್ರಥಮ ಚಿಕಿತ್ಸೆ ಕಲಿಸಿದ ನರ್ಸ್ ಹೇಳಿದ್ದು ನೆನಪಾಯಿತು: ಉಳುಕಿದರೆ ಕೀಲು ಹಿಡಿದ ನಾರು ಹಿಗ್ಗಿ ಊದುತ್ತದೆ, ಸಾಮಾನ್ಯವಾಗಿ ಕುಂಟಿಕೊಂಡಾದರೂ ನಡೆಯಬಹುದು, ಹೆಜ್ಜೆಯೇ ಊರಲಾಗದೆ ಮೂಳೆಯೇ ನೊಂದರೆ ಮುರಿದಿರಬಹುದು, ಅಲುಗಾಡಿಸಬೇಡಿ.

ನಯನ ಕೈ ಹಿಂದಕ್ಕೆಳೆದುಕೊಂಡಳು. ಇನ್ನೊಂದು ಕ್ಷಣ ಆಗಿದ್ದರೆ ತುಳಿದುಬಿಡುತ್ತಿದ್ದಳಲ್ಲ, ಸ್ವಂತ ಅಣ್ಣನ ಕಾಲನ್ನ.

"ತುಳಿಯಲ್ಲ," ಅಂದಳು.

"ಯಾಕೆ?" ನಂಜೇಶ್ ಸಿಡುಕಿದ.

"ಬಯ್ಯಿ, ಆದ್ರೆ ಅಲ್ಲಾಡ್ಬೇಡ."

ಹರಿಗೋಲಿನಲ್ಲಿದ್ದ ಬಿದಿರು ಸೀಳುಗಳನ್ನು ಎರಡೂ ಕಡೆ ಇಟ್ಟು ಟವೆಲ್ ಸುತ್ತಿ ಕಟ್ಟಿದಳು. ಅಷ್ಟರಲ್ಲಿ ಅಣೆಕಟ್ಟಿನ ನೀರು ಬಂದು ಹೊಳೆಯ ಬಣ್ಣ ತಿರುಗಿತು. ಕೆಂಪು.

ನಂಜೇಶನನ್ನು ಎತ್ತಿ ಹರಿಗೋಲಿಗೆ ಹಾಕಿದರು. ಹರಿಗೋಲು ಗಿರ್ರನೆ ತಿರುಗಿತು. ಪುಟ್ಟಸ್ವಾಮಿ ಹುಟ್ಟು ಹಾಕಿದ, ನಯನ ಅಣ್ಣನ ಕಾಲನ್ನು ತನ್ನ ತೊಡೆಯ ಮೇಲೆ ಹಿಡಿದು ಕೂತಳು. ದಡ ಮುಟ್ಟಿದಾಗ ಹಿಂದೆ ಆ ಬಂಡೆ ಮುಳುಗಿತ್ತು.

ತಿ. ನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿದರು. "ಗಿಣ್ಣಿನ ಮೂಳೆ ಬಿರುಕು ಬಿಟ್ಟಿದೆ, ಜಾಗ ತಪ್ಪಿಲ್ಲ. ಪ್ಲಾಸ್ಟರ್ ಸಾಕು. ಉಳುಕು ಅಂತ ತುಳಿಸ್ಕೊಂಡಿದ್ರೆ ಜೀವಮಾನ ಪೂರ್ತಿ ಕುಂಟ್ಬೇಕಾಗ್ತಿತ್ತೋ ಏನೋ."

ನಂಜೇಶ್ ತಂಗಿಯ ಕೈ ಹಿಡಿದುಕೊಂಡ. ಅವಳು ಅವನ ಕಡೆ ನೋಡಲೇ ಇಲ್ಲ, ಇನ್ನೊಂದು ಕಾಲು ನೆನಪಾಗಿತ್ತು. ಪಕ್ಕದ ಮನೆಯ ಕೆಂಪಾಜಮ್ಮ, ಹೋದ ವರ್ಷ ಉಳುಕು ಅಂತ ಅವಳ ಹತ್ತಿರ ತುಳಿಸಿಕೊಂಡು ಹೋದವರು, ಈಗಲೂ ಗೋಡೆ ಹಿಡಿದೇ ನಡೆಯುತ್ತಾರೆ.

"ಸಾ," ಅಂದಳು ಡಾಕ್ಟರಿಗೆ, "ಹಳೇ ಪೆಟ್ಟಾದ್ರೆ ಈಗ್ಲೂ ನೋಡ್ತೀರಾ?"

"ಕರ್ಕೊಂಡು ಬಾಮ್ಮ."