ಮಂಜಿನ ಕೋಣೆಯಲ್ಲಿ ಕೇಳಿಸಿದ್ದು

ಬಟವಾಡಿಯಿಂದ ಮ್ಯೂಸಿಯಂ ತಲುಪುವವರೆಗೂ ಆಟೊದಲ್ಲಿ ಮುತ್ತುರಾಜ್ ತುಟಿ ಪಿಟಕ್ಕೆನ್ನಲಿಲ್ಲ. ಬಿಂದುಶ್ರೀಗೆ ಕೂತಲ್ಲಿ ಕೂರಲಾಗಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಅವನನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದಳು.

ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ. ಮಂಡಿನೋವಿನ ತಾಯಿಯನ್ನು ಬಿಂದುಶ್ರೀಯ ಫಿಸಿಯೊಥೆರಪಿ ಕ್ಲಿನಿಕ್‌ಗೆ ಕರೆತರುತ್ತಿದ್ದವನು, ತಾಯಿಯ ನೋವು ವಾಸಿಯಾದ ಮೇಲೂ ಏನಾದರೊಂದು ನೆಪ ಹೂಡಿ ಬರುತ್ತಿದ್ದ, ನಗಿಸುತ್ತಿದ್ದ. ಇವತ್ತೇನಾಯಿತು ಇವನಿಗೆ?

ಭಾನುವಾರ ಅವಳನ್ನು ನೋಡಲು ಕುಣಿಗಲ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಇವನ ಮನಸ್ಸು ತಿಳಿಯಲೆಂದೇ ಮ್ಯೂಸಿಯಂನ ಕಲಾಪ್ರದರ್ಶನಕ್ಕೆ ಕರೆದಿದ್ದಳು.

ಅಲ್ಲಿನ ಒಂದು ದೊಡ್ಡ ಕೋಣೆಯ ತುಂಬ ಕಲಾವಿದರು ದಟ್ಟ ಮಂಜು ತುಂಬಿಸಿದ್ದರು. ಅದು ಕೇಸರಿಯಾಗಿ, ನೀಲಿಯಾಗಿ ಬಣ್ಣ ಬದಲಿಸುತ್ತಿತ್ತು. ಒಳಗೆ ಹೋದವರಿಗೆ ತಮ್ಮ ಕೈಯೇ ತಮಗೆ ಕಾಣದು.

"ಜೊತೇಲಿರೋರ ಕೈ ಹಿಡ್ಕೊಂಡು ಹೋಗಿ," ಎಂದಳು ಬಾಗಿಲಲ್ಲಿದ್ದ ಹುಡುಗಿ.

ಮುತ್ತುರಾಜ್ ಎರಡೂ ಕೈ ಜೇಬಿಗೆ ತುರುಕಿಕೊಂಡ.

ಕೇಸರಿ ಕರಗಿ ನೀಲಿಯಾಗುವಷ್ಟರಲ್ಲಿ ಅವನು ಮಾಯ. ತಡಕಾಡಿದ ಬಿಂದುಗೆ ಒಂದು ತೋಳು ಸಿಕ್ಕಿತು. ಬಿಟ್ಟರೆ ಧೈರ್ಯವೂ ಹೋದೀತೆಂದು ಗಟ್ಟಿಯಾಗಿ ಹಿಡಿದು ಒಂದೇ ಉಸಿರಿಗೆ ಹೇಳಿದಳು.

"ನಂಗೆ ಭಾನುವಾರ ನೋಡೋಕೆ ಬರೋ ಆ ಕುಣಿಗಲ್ ಹುಡ್ಗ ಬೇಡ ಕಣೋ. ನೀನು ಬೇಕು. ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬಿಡು, ಮುಖ ಕಾಣ್ದಿರೋವಾಗ್ಲೇ."

ತೋಳು ಮಿಸುಕಿತು. ಬಳೆ ಸದ್ದಾಯಿತು.

"ನಾನಲ್ಲ ಕಣವ್ವ," ಯಾರೋ ಅಜ್ಜಿಯ ದನಿ. "ಆದ್ರೂ ಚೆನ್ನಾಗ್ ಹೇಳ್ದೆ ಬುಡು. ಅವ್ನಿಗೂ ಹಿಂಗೇ ಹೇಳು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಬಿಂದುಗೆ.

"ಕೇಳಿಸ್ತು ಅಜ್ಜಿ," ಪಕ್ಕದಿಂದಲೇ ಮುತ್ತುರಾಜನ ದನಿ. "ಬಿಂದು, ನಿಂಗೆ ಮದ್ವೆ ಫಿಕ್ಸ್ ಆಯ್ತು ಅಂತ ಕ್ಲಿನಿಕ್‌ನಲ್ಲಿ ಯಾರೋ ಅಂದ್ರು. ಕೊನೇ ಸಲ ನೋಡೋಕೆ ಕರ್ದಿದೀಯ ಅನ್ಕೊಂಡೆ. ಬಾಯ್ ಬಿಟ್ರೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದೆ."

"ಈಗ?"

"ಭಾನುವಾರ ಅವ್ರಿಗಿಂತ ಮುಂಚೆ ನಾನೇ ನಿಮ್ಮನೆಗೆ ಬರ್ತೀನಿ."

"ಅಲ್ಲೀವರ್ಗೂ ನಂಗೆ ತಡ್ಕೊಳಕ್ಕಾಗಲ್ಲ. ಇವತ್ತೇ ಬಾ."

ಅಂದೇ ಇಬ್ಬರೂ ಹೋದಾಗ ಸದಾಶಿವನಗರದ ಮನೆಯ ವರಾಂಡದಲ್ಲಿ ಅವಳ ಅಪ್ಪ ರಾಮಾಂಜಿನಯ್ಯ ಪೇಪರ್ ಓದುತ್ತಿದ್ದರು. ಬಿಂದು ನಿಂತೇ ಎಲ್ಲ ಹೇಳಿದಳು. ಅಪ್ಪ ಪೇಪರನ್ನು ನಿಧಾನವಾಗಿ ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು.

"ಯೋಚ್ನೆ ಮಾಡಿದೀಯೇನಮ್ಮ?"

"ಮಾಡಿದೀನಪ್ಪ."

ಅಪ್ಪ ಮುತ್ತುರಾಜನನ್ನು ಅಡಿಯಿಂದ ಮುಡಿವರೆಗೆ ನೋಡಿ, ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.

"ಚೆನ್ನಮ್ಮ, ಕುಣಿಗಲ್‌ನವ್ರಿಗೆ ಬರೋದ್ ಬೇಡ ಅಂತ ಆಮೇಲೆ ಫೋನ್ ಮಾಡಣ. ಮೊದ್ಲು ಈ ಹುಡ್ಗನಿಗೆ ಕಾಫಿ ಕೊಡು. ಕಾಲು ನಡುಗ್ತಾ ಇದೆ."