ಚೌಡಯ್ಯ ಮೇಷ್ಟ್ರ ಹೊಸ ಫೋನು

"ಇನ್ನೂ ಹತ್ರ ಬಾಮ್ಮ. ಫೋನಿಗೆ ಕೇಳಿಸೋ ಹಂಗೆ ಓದು," ಅಂದರು ಚೌಡಯ್ಯ ಮೇಷ್ಟ್ರು.

ಗಂಗಲಕ್ಷ್ಮಿ ಒಂದು ಹೆಜ್ಜೆ ಮುಂದಿಟ್ಟಳು. ಮೇಜಿನ ಮೇಲೆ ಡಸ್ಟರಿಗೆ ಒರಗಿಕೊಂಡು ಮೇಷ್ಟ್ರ ಹೊಸ ಫೋನು ನಿಂತಿತ್ತು. ಅದರಲ್ಲೊಂದು ಕೆಂಪು ಚುಕ್ಕೆ ಮಿಣಮಿಣ ಅನ್ನುತ್ತಿತ್ತು.

ಅವಳು ಸುಲಭದ ಪದಗಳನ್ನೆಲ್ಲ ಗಟ್ಟಿಯಾಗಿ ಓದಿದಳು. 'ವಿಸ್ತೀರ್ಣ' ಅನ್ನುವ ಪದ ಬಂದಾಗ ಮಾತ್ರ ದನಿ ತಗ್ಗಿಸಿ, ಬಾಯೊಳಗೇ ಏನೋ ಗೊಣಗಿ ಮುಂದಕ್ಕೆ ದಾಟಿಕೊಂಡಳು.

"ಭೇಷ್. ಕೂತ್ಕೋ," ಅಂದರು ಮೇಷ್ಟ್ರು.

ಒತ್ತಕ್ಷರ ಇರುವ ಪದ ಕಂಡರೆ ಗಂಗಲಕ್ಷ್ಮಿಗೆ ನಾಲಿಗೆ ಹೊರಳುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಒಂದು ಸಲ ಗಾಬರಿಯಾಗಿ ಹೀಗೇ ಗೊಣಗಿಬಿಟ್ಟಿದ್ದಳು. ಅವತ್ತೂ ಮೇಷ್ಟ್ರು ಭೇಷ್ ಅಂದಿದ್ದರು. ಈಗ ಐದನೇ ಕ್ಲಾಸು. ಇಷ್ಟು ದಿನ ಅದೇ ಉಪಾಯದಲ್ಲಿ ನಡೆದುಬಂದಿತ್ತು. ನಮ್ಮ ಹುಡುಗಿ ಚೆನ್ನಾಗಿ ಓದ್ತಾಳೆ ಅಂತ ಅವ್ವ ತೋವಿನಕೆರೆಯ ನೆಂಟರ ಮನೆಯವರೆಗೂ ಹೇಳಿಕೊಂಡು ಬಂದಿದ್ದಳು.

ಆದರೆ ಫೋನು ಮೇಷ್ಟ್ರಲ್ಲ. ಅದು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಚೌಡಯ್ಯ ಮೇಷ್ಟ್ರಿಗೆ ಈ ಫೋನು ಯಾಕೆ ಬೇಕಾಯಿತೋ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಸೀಮೆಸುಣ್ಣ ಹಿಡಿದವರು. ಹಳೇ ಬಟನ್ ಫೋನಿನಲ್ಲಿ ನಂಬರು ಒತ್ತುವುದಕ್ಕೂ ಮಕ್ಕಳನ್ನೇ ಕರೆಯುತ್ತಿದ್ದರು. ಅಂಥವರು ದಸರಾ ರಜೆ ಮುಗಿಸಿಕೊಂಡು ಬಂದವರೇ ಎಲ್ಲರ ಓದನ್ನೂ ರೆಕಾರ್ಡ್ ಮಾಡತೊಡಗಿದ್ದರು.

ಅದೇ ಕ್ಲಾಸಿನ ಮುತ್ತುರಾಜು ಮಾತ್ರ ತನಗೆ ಗೊತ್ತು ಅಂದ. "ಅದೆಲ್ಲ ಆಫೀಸಿಗೆ ಹೋಯ್ತದೆ ಕಣಮ್ಮಿ. ಅಲ್ಲಿ ಕೇಳಿ, ತಪ್ಪು ಓದಿದೋರನ್ನ ವಾಪಸ್ ಮೂರನೇ ಕ್ಲಾಸಿಗೆ ಹಾಕ್ತಾರೆ."

"ನಿಂಗ್ಯಾರ್ಲಾ ಹೇಳಿದ್ದು?"

"ಯಾರು ಹೇಳ್ಬೇಕು? ಊಟದ ಟೈಮಲ್ಲಿ ಬಾಗಿಲು ಮುಂದಕ್ಕೆ ಮಾಡ್ಕೊಂಡು ಫೋನ್ ಕೇಳ್ತಾ ಏನೋ ಬರ್ಕೊಳ್ತಾರೆ. ಬೇಕಾದ್ರೆ ನೋಡ್ಕೋ."

ಮುತ್ತುರಾಜು ಹೇಳಿದ್ದರಲ್ಲಿ ಅರ್ಧ ಸುಳ್ಳಿರುತ್ತದೆ. ಸ್ಕೂಲಿಗೆ ಕುದುರೆ ಕೊಡ್ತಾರಂತೆ ಅಂತ ಹೋದ ತಿಂಗಳು ಎಲ್ಲರನ್ನೂ ನಂಬಿಸಿದ್ದ. ಆದರೂ ಗಂಗಲಕ್ಷ್ಮಿ ಎರಡು ದಿನ ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದಳು. ಬಾಗಿಲು ಮುಂದಕ್ಕೆ ಹಾಕಿಕೊಳ್ಳುವುದು ನಿಜ. ಬರೆದುಕೊಳ್ಳುವುದೂ ನಿಜ. ಮೇಷ್ಟ್ರ ತಟ್ಟೆಯಲ್ಲಿ ಅನ್ನ ಆರಿಹೋಗುತ್ತಿತ್ತು.

ಮೂರನೇ ದಿನ ಅವಳಿಗೂ ಊಟ ಸೇರಲಿಲ್ಲ. ಮಾವನ ಫೋನಿನಲ್ಲಿ ಡಿಲೀಟ್ ಮಾಡುವುದು ಅವಳಿಗೆ ಗೊತ್ತಿತ್ತು. ಒತ್ತಿ ಹಿಡಿದುಕೊಂಡರೆ ಕಸದ ಡಬ್ಬಿಯ ಚಿತ್ರ ಬರುತ್ತದೆ. ಮೇಷ್ಟ್ರು ಕೈ ತೊಳೆಯಲು ಎದ್ದು ಹೋಗಿರುತ್ತಾರೆ, ಅಷ್ಟರಲ್ಲಿ ತನ್ನ ದನಿಯೊಂದನ್ನು ಅಳಿಸಿಬಿಡಬೇಕು ಅಂತ ಬಾಗಿಲು ತಳ್ಳಿದಳು.

ಬಾಗಿಲು ಕಿರ್ರ್ ಅಂತು. ಬೆನ್ನು ಹಾಕಿ ಕೂತಿದ್ದ ಮೇಷ್ಟ್ರು ತಿರುಗಲಿಲ್ಲ. ಬೇಕಂತಲೇ ಸುಮ್ಮನಿದ್ದಾರೆ, ಫೋನ್ ಮುಟ್ಟಿದ ತಕ್ಷಣ ಹಿಡಿಯುತ್ತಾರೆ ಅಂತ ಅವಳಿಗೆ ಅನ್ನಿಸಿತು. ಆದರೂ ಅವರ ಎಡಗಡೆ ಬಂದು ನಿಂತಳು. ತೆರೆದ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿತ್ತು. ಕೆಳಗೆ ಬರೆದಿದ್ದರು: ಇಲ್ಲಿ ಏನೋ ನುಂಗಿದಳು. ಮೂರು ಸಲ ಹಾಕಿ ಕೇಳಿದೆ.

"ಸಾರ್," ಅಂದಳು.

ಮೇಷ್ಟ್ರು ಅಲುಗಾಡಲಿಲ್ಲ. ಇಯರ್‌ಫೋನಿನ ಒಂದು ತುದಿ ಬಲಗಿವಿಯಲ್ಲಿತ್ತು. ಇನ್ನೊಂದು ಎದೆಯ ಮೇಲೆ ಜೋತಾಡುತ್ತಿತ್ತು. ಎಡಗಿವಿ ಖಾಲಿ. ಅವಳು ನಿಂತದ್ದು ಆ ಕಿವಿಯಿಂದ ಒಂದು ಗೇಣು ದೂರದಲ್ಲಿ.

"ಸಾರ್," ಇನ್ನೂ ಜೋರಾಗಿ ಕರೆದಳು. ಅದೂ ಕೇಳಿಸಲಿಲ್ಲ.

ಪುಟದ ಮೇಲೆ ನೆರಳು ಬಿದ್ದದ್ದು ಕಂಡು ಮೇಷ್ಟ್ರು ಬೆಚ್ಚಿದರು. ವೈರು ತೆಗೆದು, ಕುರ್ಚಿಯಲ್ಲೇ ಪೂರ್ತಿ ತಿರುಗಿ, ಬಲಗಿವಿಯನ್ನು ಅವಳ ಕಡೆ ಮಾಡಿ ಯಾವಾಗ ಬಂದೆ ಅಂತ ಕೇಳಿದರು.

"ಎರಡು ಸಲ ಕರೆದೆ ಸಾರ್."

ಮೇಷ್ಟ್ರು ಒಂದು ಸಲ ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಎಡಗಿವಿ ಪೂರ್ತಿ ಹೋಗಿದೆ, ಬಲದ್ದು ಅರ್ಧ. ಯಾರಿಗೂ ಹೇಳಿಲ್ಲ. ಈ ಫೋನಿನಲ್ಲಾದರೆ ವಾಲ್ಯೂಮ್ ಏರಿಸಿಕೊಂಡು ಎಷ್ಟು ಸಲ ಬೇಕಾದರೂ ಕೇಳಬಹುದು. ಮಧುಗಿರಿಯಲ್ಲಿರುವ ಮೊಮ್ಮಗಳ ಹತ್ತಿರ ರಜೆಯೆಲ್ಲ ಕೂತು, ಅವಳಿಂದ ಬೈಸಿಕೊಂಡು ಕಲಿತದ್ದಂತೆ.

"ಆಫೀಸಿಗೆ ಕಳಿಸಲ್ವಾ ಸಾರ್?"

"ಯಾವ ಆಫೀಸಮ್ಮಾ? ನಿಮ್ಮ ತುಟಿ ಅಲುಗಾಡಿದ್ರೆ ಸಾಕು, ಭೇಷ್ ಅಂದ್ಬುಡ್ತಿದ್ದೆ. ಯಾರು ಓದ್ತಾವ್ರೆ, ಯಾರು ಓದ್ತಾ ಇಲ್ಲ, ಏನೂ ಗೊತ್ತಾಗ್ತಿರ್ಲಿಲ್ಲ." ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. "ನೀನು ಎಷ್ಟು ದಿನದಿಂದ ಹಿಂಗೆ ನುಂಗ್ತಿದ್ದೀಯ?"

ಗಂಗಲಕ್ಷ್ಮಿ ಕಾಲುಬೆರಳು ನೋಡಿಕೊಂಡಳು. "ಹೋದ ವರ್ಷದಿಂದ ಸಾರ್."

"ನಂದೂ ಹೋದ ವರ್ಷದಿಂದಾನೇ ಕಣಮ್ಮ," ಅಂದರು ಮೇಷ್ಟ್ರು.

ಹೊರಗೆ ಮುತ್ತುರಾಜು ಸಾರು ಮೆತ್ತಿದ ಬೆರಳು ನೆಕ್ಕಿಕೊಂಡು ಕಾಯುತ್ತಿದ್ದ. ಒಳಗೆ ಏನು ಬರ್ಕೊಂಡವ್ರೆ, ಯಾಕೆ ಒಬ್ರೇ ಕೂತು ಕೇಳ್ತಾರೆ ಅಂತ ಒಂದೇ ಸಮ ಕೇಳಿದ. ಹೇಳಿಬಿಟ್ಟಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

"ಪಾಠ ಕಣ್ಲಾ," ಅಂದು ಅವಳು ತಟ್ಟೆ ತೊಳೆಯಲು ಹೋದಳು.

ಮಾರನೇ ದಿನ ಅವಳ ಸರದಿ ಬಂದಾಗ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಮೇಜು ಸುತ್ತಿಕೊಂಡು ಹೋಗಿ ಮೇಷ್ಟ್ರ ಬಲಕ್ಕೆ ನಿಂತಳು. ಮೂರನೇ ಸಾಲಿನಲ್ಲಿ 'ಸಂರಕ್ಷಣೆ' ಬಂತು. ದನಿ ತಾನಾಗಿಯೇ ಕೆಳಗಿಳಿಯಿತು. ಮೇಷ್ಟ್ರು ಅವಳ ತುಟಿಗಳನ್ನೇ ನೋಡುತ್ತಿದ್ದರು.

ಅವಳು ಓದು ನಿಲ್ಲಿಸಿದಳು.

"ಇದು ಬರಲ್ಲ ಸಾರ್," ಅಂತ ಇಡೀ ಕ್ಲಾಸಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

ಮುತ್ತುರಾಜು ಕಿಸಕ್ ಅಂದ. ಮೇಷ್ಟ್ರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಆ ಪದದ ಮೇಲೆ ಬೆರಳಿಟ್ಟರು. ಗಂಗಲಕ್ಷ್ಮಿ ಅವರ ಬಲಗಿವಿಯ ಕಡೆಗೆ ಇನ್ನೂ ಸ್ವಲ್ಪ ಬಗ್ಗಿದಳು.